ಸೈಕ್ಲೋನ್‌ಗೆ ವಯಸ್ಸಾಯಿತೆಂದು ಕೆಡವಬೇಕೆ?

ಪ್ರಶ್ನೆ: ಮಗಳ ಮನೆಗೆಂದು ನ್ಯೂಯಾರ್ಕ್‌ಗೆ ಹೋಗಿದ್ದಾಗ ಕೋನಿ ಐಲೆಂಡ್‌ನಲ್ಲಿ ‘ಸೈಕ್ಲೋನ್’ ರೋಲರ್ ಕೋಸ್ಟರ್ ನೋಡಿದೆವು. 1927ರದ್ದಂತೆ. ಮೊಮ್ಮಗ ಹಟ ಹಿಡಿದರೂ ಕೂರಿಸಲು ನನಗೆ ಧೈರ್ಯ ಬರಲಿಲ್ಲ. ಇಷ್ಟು ಹಳೆಯದನ್ನು ಕೆಡವಿ ಹೊಸದು ಹಾಕಬಾರದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವನಮ್ಮ. ರಿಪೇರಿಗೆ ಬಂದ ಬೋಗಿಯನ್ನು ಹಿಂದಿನ ಸಲ ಬಿಚ್ಚಿ ನೋಡಿದ್ದು ಯಾವಾಗ ಅಂತಲೇ ನಾವು ಮೊದಲು ಕೇಳುತ್ತಿದ್ದೆವು. ಇಲ್ಲಿಯೂ ಅದನ್ನೇ ಕೇಳಬೇಕು.

ಸೈಕ್ಲೋನ್‌ನ ಚೌಕಟ್ಟು ಉಕ್ಕಿನದು, ಹಳಿ ಮರದ್ದು. ಹಲಗೆಗಳನ್ನು ಪದರ ಪದರವಾಗಿ ಜೋಡಿಸಿ, ಚಕ್ರ ಉರುಳುವಲ್ಲಿ ಉಕ್ಕಿನ ಪಟ್ಟಿ ಹಾಕಿರುತ್ತಾರೆ. ಮರ ಕೆಟ್ಟರೆ ಗೊತ್ತಾಗುತ್ತದೆ. ಬೋಲ್ಟಿನ ತೂತು ಸಡಿಲಾಗುತ್ತದೆ, ಸ್ಕ್ರೂಡ್ರೈವರ್ ಒತ್ತಿದರೆ ಮೆತ್ತಗೆ ಒಳಗಿಳಿಯುತ್ತದೆ. ಅಷ್ಟನ್ನು ಕೊಯ್ದು ತೆಗೆದು ಹೊಸ ಹಲಗೆ ಕೂರಿಸುತ್ತಾರೆ. ಚಳಿಗಾಲದಲ್ಲಿ ಆಟ ನಿಲ್ಲಿಸಿದಾಗ ಈ ಕೆಲಸ ನಡೆಯುತ್ತದೆ. ನಿಮ್ಮ ಮೊಮ್ಮಗ ಸಾಗುವ ಹಲಗೆ ವಯಸ್ಸಿನಲ್ಲಿ ಅವನಿಗಿಂತ ಚಿಕ್ಕದೇ ಇರಬಹುದು. 85 ಅಡಿಯಿಂದ ಧುಮುಕುವ ಆ ಮೊದಲ ಇಳಿಜಾರಿನ ರೂಪ ಮಾತ್ರ ಹಳೆಯದು.

ನನಗೆ ಭಯ ಉಕ್ಕಿನದೇ. ಚಕ್ರಗಳನ್ನು ಜೋಡಿಸುವ ಆಕ್ಸಲ್‌ನಲ್ಲಿ ಕೂದಲೆಳೆಯಂಥ ಬಿರುಕು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಾಲದಲ್ಲಿ ಚಕ್ರಕ್ಕೆ ಸುತ್ತಿಗೆ ತಟ್ಟಿ ಕಿವಿಗೊಡುತ್ತಿದ್ದೆವು: ಗಟ್ಟಿ ಚಕ್ರ ಗಂಟೆಯ ಹಾಗೆ ಠಣ್ಣೆಂದು ದನಿ ಎಳೆಯುತ್ತಿತ್ತು, ಬಿರುಕು ಬಿಟ್ಟದ್ದು ‘ದಬ್’ ಎಂದು ಅಲ್ಲೇ ಸುಮ್ಮನಾಗುತ್ತಿತ್ತು. ಈಗ ಕಿವಿಗೆ ಕೇಳದ ಶಬ್ದತರಂಗ ಹಾಯಿಸಿ ಒಳಗಿನ ಬಿರುಕು ಹುಡುಕುವ ಅಲ್ಟ್ರಾಸಾನಿಕ್ ಪರೀಕ್ಷೆ ಬಂದಿದೆ. ಆ ಪರೀಕ್ಷೆ ತಪ್ಪಿದರೆ ನಿನ್ನೆ ತಂದು ನಿಲ್ಲಿಸಿದ ಆಟವನ್ನೂ ನಾನು ನಂಬೆ.

1970ರ ದಶಕದಲ್ಲಿ ಪಕ್ಕದ ಅಕ್ವೇರಿಯಂ ದೊಡ್ಡದು ಮಾಡಲು ಸೈಕ್ಲೋನನ್ನು ಕೆಡವುವ ಮಾತು ಬಂದಿತ್ತು. ಜನ ಬಿಡಲಿಲ್ಲ. 1988ರಲ್ಲಿ ಅದು ನಗರದ ಸಂರಕ್ಷಿತ ಸ್ಮಾರಕವಾಯಿತು. ಅಲ್ಲೇ ಇದ್ದ 1925ರ ಇನ್ನೊಂದು ರೋಲರ್ ಕೋಸ್ಟರ್ ‘ಥಂಡರ್‌ಬೋಲ್ಟ್’ಗೆ ಆ ಭಾಗ್ಯವಿರಲಿಲ್ಲ. 1982ರಲ್ಲಿ ನಿಂತದ್ದು ಹಾಗೇ ಪಾಳುಬಿದ್ದು, 2000ದಲ್ಲಿ ನೆಲಸಮವಾಯಿತು. ಆ ಹದಿನೆಂಟು ವರ್ಷದ ಅಲಕ್ಷ್ಯ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. 1939ರ ವಿಶ್ವಮೇಳಕ್ಕೆ ಕಟ್ಟಿದ್ದ, ಜನರನ್ನು ಮೇಲೆತ್ತಿ ಪ್ಯಾರಾಶೂಟಿನಲ್ಲಿ ಇಳಿಸುತ್ತಿದ್ದ ಪ್ಯಾರಾಶೂಟ್ ಗೋಪುರವನ್ನು ನೀವೂ ನೋಡಿರುತ್ತೀರಿ. ಈಗ ಅದು ಯಾರನ್ನೂ ಹೊರುವುದಿಲ್ಲ. ಬಣ್ಣ ಬಳಿಸಿಕೊಂಡು, ರಾತ್ರಿ ದೀಪ ಹೊತ್ತಿಸಿಕೊಂಡು ನಿಂತಿದೆ. ಓಡಿಸಲಾಗದ ಆಟಕ್ಕೆ ಇಂಥ ನಿವೃತ್ತಿ ಕೊಡಬೇಕು.

ಮುಂದಿನ ಸಲ ಆಟ ಶುರುವಾಗುವ ಮೊದಲೇ ಹೋಗಿ. ಸ್ಪ್ಯಾನರ್ ಹಿಡಿದು ಹಳಿಯುದ್ದಕ್ಕೂ ನೋಡುತ್ತಾ ನಡೆಯುವವರು ಕಂಡರೆ ಮೊಮ್ಮಗನನ್ನು ಕೂರಿಸಿ. ಅವನ ಎತ್ತರ 54 ಇಂಚು ತುಂಬಿರಬೇಕು, ಅಷ್ಟೆ.