ಫ್ರಾನ್ಸ್‌ನ ಯಾತ್ರೆ ದಾರಿಯಲ್ಲಿ ಗಂಡ ನಡೆದು, ಹೆಂಡತಿ ಸೈಕಲ್‌ನಲ್ಲಿ ಹೋಗಬಹುದೇ? ಯಾವ ಸೈಕಲ್ ಒಳ್ಳೆಯದು?

ಸ್ಪೇನ್‌ನ ಸಾಂತಿಯಾಗೊ ಕ್ಷೇತ್ರಕ್ಕೆ ಹೋಗುವ ಹಳೆಯ ಕ್ರೈಸ್ತ ಯಾತ್ರೆಯ ಫ್ರಾನ್ಸ್ ದಾರಿಗಳಲ್ಲಿ ಒಂದು ಇದು. ಲ ಪ್ಯುಯಿ ಊರಿಂದ ಸ್ಪೇನ್ ಗಡಿ ಹತ್ತಿರದ ಸಾನ್ ಝಾನ್‌ವರೆಗೆ ಸುಮಾರು 750 ಕಿ.ಮೀ. ನೀವು ಕಾಲ್ನಡಿಗೆ, ಮಂಡಿನೋವಿರುವ ನಿಮ್ಮ ಮನೆಯವರು ಸೈಕಲ್, ರಾತ್ರಿ ಒಂದೇ ಊರಲ್ಲಿ ಭೇಟಿ. ನಮ್ಮ ಪ್ಲಾನೂ ಇದೇ ಆಗಿತ್ತು ಸ್ವಾಮಿ. ಐದನೇ ದಿನಕ್ಕೆ ಮುಗಿಯಿತು.

ನಾನು ಮೂರು ಸಲ ಶಿವರಾತ್ರಿಗೆ ಬೆಂಗಳೂರಿಂದ ಧರ್ಮಸ್ಥಳಕ್ಕೆ ನಡೆದವನು. ನಡೆಯುವುದು ನನಗೆ ಗೊತ್ತು ಅನ್ನೋ ಜಂಬ. ಆ ಪಾದಯಾತ್ರೆಯಲ್ಲಿ ನಮ್ಮ ತಂಡದ ಲಗೇಜೆಲ್ಲ ಟೆಂಪೋದಲ್ಲಿ ಹೋಗುತ್ತಿತ್ತು. ನಾವು ಕೈಬೀಸಿಕೊಂಡು ನಡೆಯುತ್ತಿದ್ದೆವು. ದಾರಿಯಲ್ಲಿ ಯಾರೋ ಮಜ್ಜಿಗೆ ಕೊಡುತ್ತಿದ್ದರು, ಯಾರೋ ಚಿತ್ರಾನ್ನ. ಆ ಲೆಕ್ಕವನ್ನೇ ಫ್ರಾನ್ಸ್‌ಗೂ ತಗೊಂಡು ಹೋದೆ. ಹೆಂಡತಿಯ ಬಾಡಿಗೆ ಸೈಕಲ್ಲೇ ನಮ್ಮ ಟೆಂಪೋ ಅಂದುಕೊಂಡೆ.

ಲ ಪ್ಯುಯಿ ಕೆಥೆಡ್ರಲ್‌ನಲ್ಲಿ ಬೆಳಿಗ್ಗೆ 7ಕ್ಕೆ ಯಾತ್ರಿಗಳ ಪೂಜೆ ಮುಗಿಸಿ, ಆ ಎತ್ತರದ ಮೆಟ್ಟಿಲು ಇಳಿದು ಹೊರಟೆವು. ಮೇ ತಿಂಗಳು. ಮೊದಲ ನಾಲ್ಕು ದಿನ ಬಿಸಿಲು, ಎಲ್ಲ ಚೆನ್ನಾಗಿತ್ತು, ಅದೇ ತಪ್ಪಾಯಿತು ನೋಡಿ. ಐದನೇ ದಿನ ಓಮೋನ್‌ನಿಂದ ನಾಸ್ಬಿನಾಲ್‌ಗೆ, ಸುಮಾರು 26 ಕಿ.ಮೀ. ಇದು ಓಬ್ರಾಕ್ ಪ್ರಸ್ಥಭೂಮಿ. ಸಮುದ್ರಮಟ್ಟದಿಂದ ಸಾವಿರದ ಇನ್ನೂರು ಮೀಟರ್ ಆಸುಪಾಸು. ಮರ ಇಲ್ಲ, ಮನೆ ಇಲ್ಲ. ಬರೀ ಹುಲ್ಲು, ಕಲ್ಲಿನ ಗೋಡೆ, ಕಾಡಿಗೆ ತೀಡಿದಂಥ ಕಣ್ಣಿನ ಕಂದು ಹಸುಗಳು.

ನನ್ನ ಹತ್ತಿರ ಅರ್ಧ ಲೀಟರ್ ನೀರು, ಫೋನು, ಟೋಪಿ. ಅಷ್ಟೇ. ಅವಳ ಸೈಕಲ್ ಚೀಲದಲ್ಲಿ ಇಬ್ಬರ ಮಳೆ ಜಾಕೆಟ್, ಸ್ವೆಟರ್, ಬ್ರೆಡ್ಡು, ಚೀಸು, ನಾಲ್ಕು ಬಾಳೆಹಣ್ಣು, ದುಡ್ಡು, ಊರೂರಲ್ಲಿ ಠಸ್ಸೆ ಹಾಕಿಸುವ ಯಾತ್ರಿ ಪುಸ್ತಕ ಕೂಡ.

ಮಧ್ಯಾಹ್ನ ಹನ್ನೆರಡಕ್ಕೆ ಮಂಜು ಮುಸುಕಿತು. ಆಮೇಲೆ ಗಾಳಿ, ಆಮೇಲೆ ಆಲಿಕಲ್ಲು. ಅಲ್ಲಿ ಹೊಲದಿಂದ ಹೊಲಕ್ಕೆ ದಾಟುವಾಗ ಗೇಟು ಇರುತ್ತದೆ. ಗೂಟಕ್ಕೆ ಒಂದು ತಂತಿ ಬಳೆ ಸಿಕ್ಕಿಸಿರುತ್ತಾರೆ, ಎತ್ತಿದರೆ ಬಂತು. ಅವತ್ತು ಆ ಬಳೆ ಎತ್ತೋಕೆ ನನ್ನ ಬೆರಳು ಮಡಚಲೇ ಇಲ್ಲ. ಮೊಣಕೈಯಿಂದ ಒತ್ತಿ ಒತ್ತಿ ತೆಗೆದೆ. ಹಿಂದಿನಿಂದ ಬಂದ ಒಬ್ಬ ವಯಸ್ಸಾದ ಫ್ರೆಂಚ್ ಹೆಂಗಸು ನನ್ನ ಮುಖ ನೋಡಿ, ಮಾತಾಡದೆ, ಚಿನ್ನದ ಬಣ್ಣದ ಹಾಳೆಯಂಥ ಹೊದಿಕೆ ತೆಗೆದು ನನಗೆ ಸುತ್ತಿದರು. ಲಡ್ಡಿನ ಪ್ಯಾಕೆಟ್ ಥರ ಕಾಣ್ತಿದ್ದೆ.

ಈ ತಪ್ಪನ್ನ ಸರಿಯಾಗಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಜಾಕೆಟ್ ಮರೆತದ್ದು ತಪ್ಪಲ್ಲ. ಜಾಕೆಟ್ ಇತ್ತು, ನನಗಿಂತ ಹನ್ನೆರಡು ಕಿ.ಮೀ. ಮುಂದೆ ಇತ್ತು! ಟೆಂಪೋ ಆದರೆ ಫೋನ್ ಮಾಡಿದರೆ ವಾಪಸ್ ಬರುತ್ತದೆ, ಯಾಕೆಂದರೆ ಅದು ನಾವು ನಡೆಯುವ ರಸ್ತೆಯಲ್ಲೇ ಹೋಗುತ್ತದೆ. ಇಲ್ಲಿ ಬಿಳಿ-ಕೆಂಪು ಪಟ್ಟಿಯ ಗುರುತಿನ ಕಾಲುದಾರಿ ಬೇರೆ, ಡಾಂಬರು ರಸ್ತೆ ಬೇರೆ. ಮ್ಯಾಪ್‌ನಲ್ಲಿ ಎರಡೂ ಅಂಟಿಕೊಂಡ ಹಾಗೆ ಕಾಣುತ್ತವೆ. ಆ ಕಲ್ಲು-ಕೆಸರಿನ ದಾರಿಯಲ್ಲಿ ಲಗೇಜ್ ಹೊತ್ತ ಸೈಕಲ್ ಹೋಗೋದಿಲ್ಲ. ಸಿಗ್ನಲ್ಲೂ ಇರಲಿಲ್ಲ. ಅವಳು ಗಾಬರಿಯಾಗಿ ಸೈಕಲ್ ತಿರುಗಿಸಿ ರಸ್ತೆಯಲ್ಲಿ ನನ್ನನ್ನು ಹುಡುಕುತ್ತಾ ಬಂದಳು. ನಾನು ಅದೇ ಹೊತ್ತಿಗೆ ಕಾಲುದಾರಿಯಲ್ಲಿ ಊರು ಸೇರಿದೆ. ಭೇಟಿಯಾಗಬೇಕಿದ್ದ ಚರ್ಚ್ ಬಾಗಿಲಲ್ಲಿ ಅವಳಿಲ್ಲ. ಆ ಒಂದು ಗಂಟೆ ಇಬ್ಬರೂ ಏನೇನು ಯೋಚಿಸಿದೆವು ಅನ್ನೋದು ಬೇಡ ಬಿಡಿ.

ಜ್ವರ. ಮೂರು ರಾತ್ರಿ ನಾಸ್ಬಿನಾಲ್‌ನಲ್ಲೇ. ಮುಂದೆ ಕ್ರೈಸ್ತರ ಅಸೆನ್ಶನ್ ಹಬ್ಬದ ಉದ್ದ ರಜೆ, ಯಾತ್ರಿಗಳು ತಂಗುವ ಜೀತ್‌ಗಳೆಲ್ಲ ಫುಲ್. ಕೊಟ್ಟಿದ್ದ ಮುಂಗಡ ಹೋಯಿತು. ಈ ದಾರಿಗಳನ್ನು 1998ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಇಡೀ ಹಾದಿಯನ್ನು ತಗೊಳ್ಳಲಿಲ್ಲ, ಏಳು ತುಂಡು ಮಾತ್ರ. ಅದರಲ್ಲೊಂದು ನಾಸ್ಬಿನಾಲ್‌ನಿಂದಲೇ ಶುರುವಾಗುತ್ತದೆ. ನಾವು ಅದನ್ನು ಬಿಟ್ಟು, ಡಿಕ್ಕಿಯಲ್ಲಿ ಸೈಕಲ್ ತುರುಕಿ, ಟ್ಯಾಕ್ಸಿಯಲ್ಲಿ ಇದೇ ದಾರಿಯ ಮುಂದಿನ ಕ್ಷೇತ್ರ ಕೋಂಕ್‌ಗೆ ಹೋದೆವು. ಎಷ್ಟು ಯೂರೋ ಅಂತ ಬರೆದರೆ ಮನೆಯಲ್ಲಿ ಮತ್ತೆ ಬೈಸಿಕೊಳ್ಳಬೇಕು.

ಜ್ವರದಲ್ಲಿ ಮಲಗಿದ್ದಾಗಲೇ ಅವಳು ಬಾಯಿಬಿಟ್ಟಿದ್ದು. "ರೀ, ದಿನಾ ಹನ್ನೊಂದೂವರೆಗೆ ಊರು ಸೇರ್ತೀನಿ. ಹನ್ನೆರಡಕ್ಕೆ ಅಂಗಡಿ ಮುಚ್ತಾರೆ. ಜೀತ್ ಬಾಗಿಲು ತೆಗೆಯೋದು ಮೂರಕ್ಕೆ. ಒಬ್ಬಳೇ ಬೆಂಚಿನ ಮೇಲೆ ಕೂತು ಪಾರಿವಾಳ ಎಣಿಸೋಕೆ ಇಷ್ಟು ದೂರ ಬರಬೇಕಿತ್ತಾ?" ಆ ನಾಲ್ಕು ಬಾಳೆಹಣ್ಣು ಹಾಗೇ ಇದ್ದವು, ಕಪ್ಪಾಗಿದ್ದವು.

ಹಾಗಾಗಿ ಯಾವ ಸೈಕಲ್ ಅಂತ ಕೇಳಬೇಡಿ. ಪ್ರಶ್ನೆಯೇ ತಪ್ಪು. ಇಬ್ಬರೂ ನಡೆಯಿರಿ, ಇಲ್ಲಾ ಇಬ್ಬರೂ ಸೈಕಲ್ ಹೊಡೆಯಿರಿ. ಮಂಡಿಗೆ ಕಷ್ಟ ಹತ್ತೋದಲ್ಲ, ಇಳಿಯೋದು. ಮೊನಿಸ್ತ್ರೋಲ್‌ಗೆ ಇಳಿಯುವ ಜಾಗ, ಕೋಂಕ್‌ಗೆ ಇಳಿಯುವ ಜಾಗ ಎರಡೂ ಕಡಿದು. ಅಲ್ಲಿ ನಾಚಿಕೆಪಡದೆ ಗಾಡಿ ಹತ್ತಿ. ಭಾರದ ಚೀಲಗಳನ್ನು ಊರಿಂದ ಊರಿಗೆ ಸಾಗಿಸಲು ವ್ಯಾನ್ ಸೇವೆ ಇದೆ, ದುಡ್ಡು ಕೊಟ್ಟರೆ ಆಯಿತು. ಆದರೆ ಜಾಕೆಟ್, ತಿಂಡಿ, ನೀರು ಇಬ್ಬರ ಬೆನ್ನ ಮೇಲೂ ಇರಬೇಕು.

ಇನ್ನು 750 ಕಿ.ಮೀ. ಯಾಕೆ? ಕೋಂಕ್‌ವರೆಗೆ ಸುಮಾರು 200, ಹತ್ತು ಹನ್ನೊಂದು ದಿನ. ಅದೂ ಒಂದು ಕ್ಷೇತ್ರವೇ, ಸೇಂಟ್ ಫುವಾಳ ಅವಶೇಷ ಇಟ್ಟ ಚಿನ್ನದ ಮೂರ್ತಿ ನೋಡಲು ಸಾವಿರ ವರ್ಷದಿಂದ ಜನ ಬರುತ್ತಿದ್ದಾರೆ. ಸಸ್ಯಾಹಾರಿಗಳಾದರೆ ಓಬ್ರಾಕ್‌ನಲ್ಲಿ ಅಲಿಗೊ ತಿನ್ನಿ: ಆಲೂಗಡ್ಡೆ, ಹಸಿ ಚೀಸು, ಕೆನೆ, ಬೆಳ್ಳುಳ್ಳಿ ಕಲಸಿದ್ದು. ಸೌಟು ಎತ್ತಿದರೆ ತಲೆವರೆಗೂ ದಾರ ಬರುತ್ತದೆ. (ಚೀಸಿಗೆ ಹಾಕುವ ರೆನೆಟ್, ಅಂದರೆ ಕರುವಿನ ಹೊಟ್ಟೆಯಿಂದ ತೆಗೆಯುವ ಹೆಪ್ಪಿನ ಬಗ್ಗೆ ಮಡಿ ಇದ್ದರೆ ಬೇಡ.)

ಸೈಕಲ್ ಹೊಡೆಯಲೇಬೇಕು ಅಂತಿದ್ದರೆ ಇದೇ ದಾರಿಯಲ್ಲಿ ಕೋಂಕ್ ದಾಟಿ ಮುಂದೆ ಸಿಗುವ ಮೊಯ್ಸಾಕ್‌ಗೆ ರೈಲಿನಲ್ಲಿ ಹೋಗಿ. ಅಲ್ಲಿಂದ ಕಾಲುವೆ ಪಕ್ಕದ ದಾರಿ, ಏರಿಲ್ಲ ಇಳಿತವಿಲ್ಲ, ಮೇಲೆ ಮರದ ನೆರಳು. ನಾವು ಕೊನೆಗೆ ಎರಡನೇ ಸೈಕಲ್ ಬಾಡಿಗೆಗೆ ಹಿಡಿದು ಎರಡು ದಿನ ಅಲ್ಲಿ ಅಕ್ಕಪಕ್ಕದಲ್ಲೇ ಹೋದೆವು. ಅವಳು ಐದು ದಿನ ಹೇಳದೆ ಇಟ್ಟುಕೊಂಡಿದ್ದನ್ನೆಲ್ಲ ಅಲ್ಲೇ ಹೇಳಿ ಮುಗಿಸಿದಳು.