‘ಪಿಂಪ್ ಔಟ್’ ಎಂದರೇನು? ಕಚೇರಿಯಲ್ಲಿ ತಮಾಷೆಗೆ ಬಳಸಬಹುದೇ?

ಮ್ಯಾನೇಜರ್ ನಿಮ್ಮನ್ನು ಕೇಳದೆ ಬೇರೆ ತಂಡಗಳಿಗೆ ದುಡಿಯಲು ಕಳುಹಿಸುವುದನ್ನು ಹೀಗೆನ್ನಬಹುದೇ ಎಂದು ಕೇಳಿದ್ದೀರಿ. ಇದೇ ಪದದಿಂದ ನಾನು ಒಂದು ಪ್ರಾಜೆಕ್ಟನ್ನೇ ಕಳೆದುಕೊಂಡೆ. 2004ರಲ್ಲಿ ಎಂಟಿವಿ ಆರಂಭಿಸಿದ ‘ಪಿಂಪ್ ಮೈ ರೈಡ್’ ಕಾರ್ಯಕ್ರಮದಲ್ಲಿ ಗುಜರಿಗೆ ಹಾಕುವಂಥ ಕಾರುಗಳಿಗೆ ಹೊಸ ಬಣ್ಣ ಬಳಿದು, ಸ್ಪೀಕರು, ಟಿವಿ ಪರದೆಗಳನ್ನು ಅಳವಡಿಸುತ್ತಿದ್ದರು. ಅದನ್ನು ನೋಡಿದ್ದ ನಾನು ಈ ಪದಕ್ಕೆ ‘ಸಿಂಗರಿಸಿ ಸಜ್ಜುಗೊಳಿಸು’ ಎಂಬುದೊಂದೇ ಅರ್ಥವೆಂದು ನಂಬಿದ್ದೆ. ಹಾಗಾಗಿ ಡೆಮೊ ನೀಡಲಿದ್ದ ಸಹೋದ್ಯೋಗಿಯೊಬ್ಬರನ್ನು ‘ನಿಮಗಾಗಿ ಪಿಂಪ್ ಔಟ್ ಮಾಡಿದ್ದೇವೆ’ ಎಂದು ಅಮೆರಿಕದ ಕ್ಲೈಂಟ್‌ಗೆ ಇಮೇಲ್ ಬರೆದೆ. ಆಕೆಯನ್ನು ಚೆನ್ನಾಗಿ ತಯಾರು ಮಾಡಿದ್ದೇವೆ ಎಂಬುದು ನನ್ನ ಉದ್ದೇಶವಾಗಿತ್ತು.

ಆ ವಾಕ್ಯದ ಕರ್ಮಪದ ಕಾರಾಗಿದ್ದರೆ ಅರ್ಥ ನಿಲ್ಲುತ್ತಿತ್ತು. ಆದರೆ ಕರ್ಮಪದ ಮನುಷ್ಯರಾದ ಕೂಡಲೇ, ‘ಪಿಂಪ್’ ಎಂದರೆ ತಲೆಹಿಡುಕ ಎಂಬ ಮೂಲಾರ್ಥವೇ ಮುಂದೆ ಬಂದು, ಒಬ್ಬರನ್ನು ಮೈಮಾರಾಟಕ್ಕೆ ಒಡ್ಡಿ ಅದರ ಲಾಭ ತಿನ್ನುವುದು ಎಂದಾಗುತ್ತದೆ. ಸಾಲದ್ದಕ್ಕೆ ‘ನಿಮಗಾಗಿ’ ಎಂದು ಸೇರಿಸಿ, ಗಿರಾಕಿ ಯಾರೆಂಬುದನ್ನೂ ನಾನೇ ಸೂಚಿಸಿದ್ದೆ! ಇಮೇಲಿನ ಪ್ರತಿ ಆಕೆಗೂ ಹೋಗಿತ್ತು. ಎಚ್ಆರ್ ಮುಂದೆ ನಾನು ಕಾರಿನ ಕಥೆ ಹೇಳಿದಷ್ಟೂ ಆಕೆಯ ಮುಖ ಬಿಗಿಯುತ್ತಲೇ ಹೋಯಿತು. ಕ್ಷಮೆಯನ್ನು ಒಪ್ಪಿಕೊಂಡರೂ ಆಕೆ ನನ್ನೊಂದಿಗೆ ಮತ್ತೆ ಕೆಲಸ ಮಾಡಲಿಲ್ಲ.

ಶೋಷಣೆ ಎಂಬ ಸಾಂಕೇತಿಕ ಅರ್ಥದಲ್ಲಿ ಮಾತ್ರ ಬಳಸುತ್ತೇನೆ ಎನ್ನುವುದೂ ನಿಮಗೆ ರಕ್ಷಣೆಯಲ್ಲ. 2008ರ ಫೆಬ್ರವರಿಯಲ್ಲಿ, ಅಮೆರಿಕದ ಅಧ್ಯಕ್ಷ ಹುದ್ದೆಗೆ ಪಕ್ಷದ ಅಭ್ಯರ್ಥಿಯಾಗಲು ಹೊರಟಿದ್ದ ಹಿಲರಿ ಕ್ಲಿಂಟನ್ ಪರವಾಗಿ ಮಗಳು ಚೆಲ್ಸೀ, ಅಭ್ಯರ್ಥಿಯ ಆಯ್ಕೆಯಲ್ಲಿ ಮತವಿದ್ದ ಪಕ್ಷದ ಮುಖಂಡರಾದ ಸೂಪರ್ ಡೆಲಿಗೇಟ್‌ಗಳಿಗೆ ಫೋನ್ ಮಾಡುತ್ತಿದ್ದುದರ ಬಗ್ಗೆ ಅಲ್ಲಿನ ಸುದ್ದಿವಾಹಿನಿ ಎಂಎಸ್‌ಎನ್‌ಬಿಸಿಯ ಪತ್ರಕರ್ತ ಡೇವಿಡ್ ಶುಸ್ಟರ್ ಇದೇ ಪದವನ್ನು ಅದೇ ಸಾಂಕೇತಿಕ ಅರ್ಥದಲ್ಲಿ ಬಳಸಿ, ಕ್ಷಮೆ ಕೇಳಿದರೂ ಅಮಾನತಾದರು. ಇಂಗ್ಲಿಷಿನಲ್ಲೇ ಪತ್ರಿಕಾವೃತ್ತಿ ನಡೆಸುವವರಿಗೇ ದಕ್ಕದ ವಿನಾಯಿತಿ ನಮಗೆ ದಕ್ಕೀತೇ? ತನ್ನನ್ನು ತಾನೇ ಹೀಗೆ ಗೇಲಿ ಮಾಡಿಕೊಳ್ಳುವವರು ಉಂಟು, ಅದೂ ಆಪ್ತರ ನಡುವೆ.

ನಿಜಕ್ಕೂ ನಿಮ್ಮ ಪ್ರಶ್ನೆಯೇ ತಪ್ಪು ಕಡೆಗೆ ತಿರುಗಿದೆ ಎನಿಸುತ್ತದೆ. ನಿಮಗಿರುವುದು ಪದದ ತೊಂದರೆಯಲ್ಲ, ಮ್ಯಾನೇಜರ್‌ನ ತೊಂದರೆ. ಈ ಪದ ಬಳಸಿದರೆ ಚರ್ಚೆಯೆಲ್ಲ ನಿಮ್ಮ ಭಾಷೆಯ ಮೇಲೆ ನಡೆದು ಆತ ಸುಲಭವಾಗಿ ಪಾರಾಗುತ್ತಾರೆ. ಯಾವ ವಾರ, ಯಾವ ತಂಡಕ್ಕೆ, ಎಷ್ಟು ಗಂಟೆ, ನಿಮ್ಮ ಒಪ್ಪಿಗೆಯಿಲ್ಲದೆ ಕಳುಹಿಸಿದರು ಎಂಬುದನ್ನು ಸಾದಾ ವಾಕ್ಯಗಳಲ್ಲಿ ಬರೆದು ಆತನ ಮೇಲಿನವರಿಗೆ ಕಳುಹಿಸಿ.