‘ನಿಮ್ಮಿಂದ ಶಾಲೆಗೆ ಏನು ಪ್ರಯೋಜನ?’ ಎಂದು ಕೇಳಿದರೆ

ಪ್ರಶ್ನೆ: ಖಾಸಗಿ ಪ್ರೌಢಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಏಳುನೂರು ಮಕ್ಕಳಿಗೆ ನಾನೊಬ್ಬಳೇ. ಮಕ್ಕಳು ನನ್ನಲ್ಲಿ ಹೇಳಿಕೊಂಡಿದ್ದನ್ನು ಹೊರಗೆ ಹೇಳುವಂತಿಲ್ಲ. ಆಡಳಿತ ಮಂಡಳಿಯವರು ಮಾತ್ರ ‘ನಿಮ್ಮಿಂದ ಏನು ಪ್ರಯೋಜನವಾಗಿದೆ, ಲೆಕ್ಕ ಕೊಡಿ’ ಎನ್ನುತ್ತಿದ್ದಾರೆ. ಏನು ಕೊಡಲಿ?
– ಹೆಸರು ಬೇಡ, ಮೂಡಿಗೆರೆ

ಉತ್ತರ: ಸಂಬಳ ಕೊಡುವವರು ಲೆಕ್ಕ ಕೇಳುವುದರಲ್ಲಿ ತಪ್ಪಿಲ್ಲ, ಬೇಸರಿಸಬೇಡಿ. ಗಣಿತದ ಶಿಕ್ಷಕರಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶವಿದೆ. ನಿಮಗೆ ಅಂಥದ್ದೊಂದು ಇಲ್ಲದ್ದರಿಂದಲೇ ಈ ವೃತ್ತಿಯ ಅನೇಕರು ಶಿಬಿರದ ಫೋಟೊಗಳನ್ನು ಅಂಟಿಸಿದ ಕಡತ ಮುಂದಿಡುತ್ತಾರೆ. ಇಷ್ಟು ಮಕ್ಕಳೊಂದಿಗೆ ಮಾತನಾಡಿದೆ ಎಂದರೆ ನೀವು ಸುಮ್ಮನೆ ಕೂತಿರಲಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಮಾತನಾಡಿದ ಮೇಲೆ ಏನು ಬದಲಾಯಿತು ಎಂಬುದನ್ನು ತೋರಿಸಬೇಕು.

ಅದಕ್ಕೆ ಹಾಜರಿ ಪುಸ್ತಕವೇ ಸಾಕು. ನಿಮ್ಮ ಕಡೆ ಡಿಸೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಕೊಯ್ಲು ಜೋರಾಗಿರುತ್ತದೆ, ಅದರ ಬೆನ್ನಿಗೇ ರೊಬಸ್ಟಾ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆ ತಿಂಗಳುಗಳಲ್ಲೇ ಮೇಲಿಂದ ಮೇಲೆ ಗೈರಾಗುತ್ತಿದ್ದಾಳೆ ಎನ್ನೋಣ. ಕರೆದು ಕೂರಿಸಿ ಓದಿನ ಮಹತ್ವ ಹೇಳಿದರೆ ತಲೆಯಾಡಿಸಿ ಹೋಗುತ್ತಾಳೆ. ವಿಚಾರಿಸಿದರೆ, ತಾಯಿ ತೋಟಕ್ಕೆ ಹೋದ ಮೇಲೆ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಪುಟ್ಟ ತಮ್ಮನನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಅವಳಿಗೆ ಬೇಕಿರುವುದು ಬುದ್ಧಿಮಾತಲ್ಲ, ಆ ಮಗುವಿಗೊಂದು ನೆಲೆ. ಹತ್ತಿರದ ಅಂಗನವಾಡಿಯಲ್ಲಿ ಕೇಳಿ, ಪಂಚಾಯಿತಿಯ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ ಇದೆಯೇ ನೋಡಿ, ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಜೊತೆಗೂ ಒಂದು ಮಾತು ಆಡಿ. ಜನವರಿಯಲ್ಲಿ ಅವಳ ಹಾಜರಿ ಏರಿದರೆ ಅದೇ ನಿಮ್ಮ ಲೆಕ್ಕ. ಎಸ್ಸೆಸ್ಸೆಲ್ಸಿಗೆ ಕೂರಲು ಶೇ 75 ಹಾಜರಿ ಬೇಕೆಂಬುದು ಆಡಳಿತ ಮಂಡಳಿಯವರಿಗೂ ಗೊತ್ತು, ಹಾಗಾಗಿ ಈ ಅಂಕಿಯ ಬೆಲೆಯನ್ನು ಅವರಿಗೆ ವಿವರಿಸಬೇಕಾಗಿಲ್ಲ.

ಒಂದು ಶೈಕ್ಷಣಿಕ ಅವಧಿಗೆ ಒಂದೇ ಗುರಿ ಇಟ್ಟುಕೊಳ್ಳಿ. ಎಲ್ಲವನ್ನೂ ಅಳೆಯಲು ಹೊರಟವರು ಕೊನೆಗೆ ಯಾವುದನ್ನೂ ಅಳೆಯುವುದಿಲ್ಲ. ಏರದ ಅಂಕಿಯನ್ನೂ ವರದಿಯಲ್ಲಿ ಬರೆಯಿರಿ; ಎಲ್ಲವೂ ಸರಿಹೋಯಿತು ಎನ್ನುವ ವರದಿಯನ್ನು ನಾನಾದರೂ ನಂಬುವುದಿಲ್ಲ.

ಗೋಪ್ಯತೆಯ ವಿಚಾರದಲ್ಲಿ ನೀವು ಹೇಳಿದ್ದು ಸರಿ. ವರದಿಯಲ್ಲಿ ಹೆಸರೂ ಬೇಡ, ಊರೂ ಬೇಡ. ಇಬ್ಬರು ಮೂವರೇ ಇರುವ ಗುಂಪಿನ ಅಂಕಿಯನ್ನು ಬಿಡಿಯಾಗಿ ಕೊಡಬೇಡಿ, ಸಣ್ಣ ಊರಿನಲ್ಲಿ ಯಾರೆಂದು ಊಹಿಸಲು ಅರ್ಧ ಗಂಟೆ ಸಾಕು. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದುಬಂದರೆ ಗೋಪ್ಯತೆಯ ಮಾತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ನಿಮ್ಮ ಕೊಠಡಿಯ ಗೋಡೆಯ ಮೇಲಿರಲಿ.

ಇನ್ನೊಂದು ಲೆಕ್ಕವನ್ನು ನೀವೇ ಕೇಳಬೇಕು. ಅಮೆರಿಕದ ಶಾಲಾ ಸಮಾಲೋಚಕರ ಸಂಘ 250 ಮಕ್ಕಳಿಗೊಬ್ಬರು ಇರಬೇಕು, ಅವರ ಸಮಯದ ಶೇ 80 ಭಾಗ ಮಕ್ಕಳಿಗಾಗಿ ಮಾಡುವ ಕೆಲಸಕ್ಕೇ ಸಲ್ಲಬೇಕು ಎನ್ನುತ್ತದೆ. ನಿಮಗೆ ಏಳುನೂರು ಮಕ್ಕಳು. ಅದರ ಮೇಲೆ ರಜೆ ಹಾಕಿದ ಶಿಕ್ಷಕರ ತರಗತಿ, ಪರೀಕ್ಷಾ ಮೇಲ್ವಿಚಾರಣೆ, ವಾರ್ಷಿಕೋತ್ಸವದ ನಿರೂಪಣೆಯೂ ನಿಮ್ಮ ಪಾಲಿಗೇ ಬರುತ್ತಿದ್ದರೆ ಆಶ್ಚರ್ಯವಿಲ್ಲ. ಎರಡು ವಾರ, ಯಾವ ಗಂಟೆ ಯಾವುದಕ್ಕೆ ಹೋಯಿತೆಂದು ಡೈರಿಯಲ್ಲಿ ಬರೆದಿಡಿ. ವರದಿಯ ಜೊತೆಗೆ ಆ ಪುಟಗಳನ್ನೂ ಲಗತ್ತಿಸಿ, ಆದರೆ ಸಭೆಗೆ ಮೊದಲೇ ಮುಖ್ಯ ಶಿಕ್ಷಕರಿಗೆ ಒಮ್ಮೆ ತೋರಿಸಿ.